ಮನೆಯ ಹಾದಿ ಮತ್ತು ಮರದ ಬೇರು

ಮನೆಯ ಮುಂದೊಂದು ಮರವಿರಬೇಕೆಂಬುದು ಕನ್ನಡ ನಾಡಿನ ಗೃಹಸ್ಥರ ಹಳೆಯ ಅಪೇಕ್ಷೆ. ಹೆಬ್ಬಾಗಿಲಿನಿಂದ ಜಗಲಿಯವರೆಗೆ ಕೆಸರಿಲ್ಲದ ಗಟ್ಟಿಯಾದ ಹಾದಿಯಿರಬೇಕೆಂಬುದು ಈಚಿನ ಅಪೇಕ್ಷೆ. ಎರಡೂ ನ್ಯಾಯವಾದವುಗಳೇ. ಆದರೆ ಮರವನ್ನು ಒಬ್ಬರು ನೆಟ್ಟಿರುತ್ತಾರೆ, ಹಾದಿಯನ್ನು ಮತ್ತೊಬ್ಬರು ಹಾಸಿಸಿರುತ್ತಾರೆ. ನೆಟ್ಟವರು ಹಾದಿಯನ್ನೂ ಹಾಸಿಸಿದವರು ಬೇರನ್ನೂ ಎಣಿಸಿರುವುದಿಲ್ಲ. ಹತ್ತು ಹದಿನೈದು ವರ್ಷಗಳು ಸಂದ ಮೇಲೆ ಹಾದಿಯ ಒಂದೆಡೆ ನೆಲ ಉಬ್ಬುತ್ತದೆ, ಹಾಸಿದ ಕಲ್ಲುಗಳು ಓರೆಯಾಗುತ್ತವೆ, ಕಾಂಕ್ರೀಟಿನಲ್ಲಿ ಬಿರುಕು ಮೂಡುತ್ತದೆ. ವಾಹನದ ತಳ ತಾಗುತ್ತದೆ. ಸಂಜೆಯ ಮಬ್ಬಿನಲ್ಲಿ ಮನೆಯ ಹಿರಿಯರು ಎಡವುತ್ತಾರೆ. ಆಗ ಮನೆಯವರ ಮುಂದೆ ಪ್ರಶ್ನೆಯೊಂದು ಏಳುತ್ತದೆ: ಹಾದಿಗಾಗಿ ಮರವನ್ನು ಕಡಿಯಬೇಕೆ, ಮರಕ್ಕಾಗಿ ಹಾದಿಯನ್ನು ಬಿಡಬೇಕೆ?

ಈ ಪ್ರಶ್ನೆಗೆ ಅವಸರದಲ್ಲಿ ಕೊಡುವ ಉತ್ತರ ಅನೇಕ ಸಲ ತಪ್ಪಾಗುತ್ತದೆ. ಬೇರಿನ ಸ್ವಭಾವವೇನು, ನೆಲದ ಗುಣವೇನು, ಕಲ್ಲು ಏಳುವುದು ಯಾವ ಕಾರಣದಿಂದ ಎಂಬುದನ್ನು ಅರಿತರೆ, ಬಹುಮಟ್ಟಿಗೆ ಮರವನ್ನೂ ಹಾದಿಯನ್ನೂ ಉಳಿಸಿಕೊಳ್ಳುವ ಮಾರ್ಗ ಕಾಣುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಉಡುಪಿಯ ಸಮೀಪದ ಕಲ್ಯಾಣಪುರವನ್ನು ಆರಿಸಿಕೊಳ್ಳಲಾಗಿದೆ.

೧. ಕಲ್ಯಾಣಪುರದ ಅಂಗಳ

ಹೆಸರನ್ನು ಕೇಳಿದೊಡನೆ ಬೀದರ ಜಿಲ್ಲೆಯ ಬಸವಕಲ್ಯಾಣವನ್ನು ನೆನೆಯುವವರುಂಟು. ಇದು ಆ ಕಲ್ಯಾಣವಲ್ಲ. ಇದು ಉಡುಪಿಯ ಉತ್ತರಕ್ಕೆ, ಸುವರ್ಣಾ ನದಿಯ ದಕ್ಷಿಣ ದಡದಲ್ಲಿರುವ ಊರು. ಪಶ್ಚಿಮ ಘಟ್ಟದ ತಪ್ಪಲಲ್ಲಿ ಹುಟ್ಟಿ ಕಾರ್ಕಳದ ಕಡೆಯಿಂದ ಹರಿದು ಬರುವ ಈ ನದಿ, ಕಲ್ಯಾಣಪುರವನ್ನು ದಾಟಿ ಕೋಡಿಬೇಂಗ್ರೆಯ ಬಳಿ ಸಮುದ್ರ ಸೇರುತ್ತದೆ. ಊರಿಗೆ ಹೊಂದಿಕೊಂಡಿರುವ ಸಂತೆಕಟ್ಟೆಯ ಮೂಲಕ ರಾಷ್ಟ್ರೀಯ ಹೆದ್ದಾರಿ ೬೬ ಹಾಯುತ್ತದೆ. ನದಿಯ ಬದಿಯಲ್ಲಿ ಮರಳುಮಿಶ್ರಿತ ಮೆಕ್ಕಲು ಮಣ್ಣು, ತೆಂಗಿನ ತೋಟ. ಏರಿನ ಮೇಲೆ ಕೆಂಪು ಮುರಕಲ್ಲಿನ ನೆಲ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಬೇಸಗೆಯಲ್ಲಿ ನೆಲ ಕಾದು ಬಿರಿಯುತ್ತದೆ.

ಇಂತಹ ಹವೆಯಲ್ಲಿ ಹಿಂದಿನವರು ಮನೆಯ ಮುಂದೆ ಕಲ್ಲುಹಾದಿಯನ್ನು ಹಾಸುತ್ತಿರಲಿಲ್ಲ, ಅಂಗಳವನ್ನು ಕಾಯುತ್ತಿದ್ದರು. ಮಳೆಗಾಲ ಕಳೆದ ಮೇಲೆ ಅಂಗಳದ ಹುಲ್ಲನ್ನು ಕೆತ್ತಿ, ಮಣ್ಣನ್ನು ಸಮಮಾಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು, ಸೆಗಣಿ ಸಾರಿಸಿ ಗಟ್ಟಿಗೊಳಿಸುತ್ತಿದ್ದರು. ಭತ್ತ, ಅಡಕೆಗಳು ಒಣಗುತ್ತಿದ್ದುದು ಆ ನೆಲದ ಮೇಲೆಯೇ. ಮತ್ತೆ ಮಳೆ ಬಂದಾಗ ಅಂಗಳ ಮೆತ್ತಗಾಗಿ ನೀರನ್ನು ಹೀರುತ್ತಿತ್ತು. ಹಲಸಿನ ಬೇರೊಂದು ಅಂಗಳದಲ್ಲಿ ತಲೆಯೆತ್ತಿದರೆ ಮುಂದಿನ ವರ್ಷ ಅದರ ಸುತ್ತ ಎರಡು ಬುಟ್ಟಿ ಮಣ್ಣು ಹೆಚ್ಚಾಗಿ ಬೀಳುತ್ತಿತ್ತು. ವರ್ಷಂಪ್ರತಿ ಹೊಸದಾಗುವ ನೆಲದೊಡನೆ ಬೇರಿಗೆ ವಿರೋಧವೇ ಇರಲಿಲ್ಲ.

ಕಳೆದ ಎರಡು ಮೂರು ದಶಕಗಳಲ್ಲಿ ಈ ಚಿತ್ರ ಬದಲಾಗಿದೆ. ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ಊರಿನ ಮನೆಯನ್ನು ನವೀಕರಿಸಿದರು. ಮನೆಯಲ್ಲಿ ವೃದ್ಧರು ಮಾತ್ರ ಉಳಿದಾಗ ವರ್ಷಂಪ್ರತಿ ಅಂಗಳ ಕೆತ್ತುವವರು ಇಲ್ಲವಾದರು. ಕೆಸರು ತುಳಿಯದೆ ವಾಹನವು ಜಗಲಿಯವರೆಗೆ ಬರಬೇಕಾಯಿತು. ಹೀಗೆ ಅಂಗಳದ ಮೇಲೆ ಕಾಂಕ್ರೀಟು ಬಿತ್ತು. ಆಮೇಲೆ ಒಂದಕ್ಕೊಂದು ಹೆಣೆದುಕೊಳ್ಳುವ ಸಿಮೆಂಟಿನ ಇಟ್ಟಿಗೆಗಳು, ಅಂದರೆ ‘ಇಂಟರ್‌ಲಾಕ್’ ಹಾಸು ಬಂದಿತು. ಈ ಅನುಕೂಲವನ್ನು ಹಳಿಯುವುದು ನ್ಯಾಯವಲ್ಲ. ಜಾರುವ ಪಾಚಿಯ ಅಂಗಳದಲ್ಲಿ ಬಿದ್ದು ಮೂಳೆ ಮುರಿದುಕೊಂಡ ಹಿರಿಯರ ಕಷ್ಟವನ್ನು ಕಂಡವರು ಹಾಸುದಾರಿಯನ್ನು ಬೇಡವೆನ್ನಲಾರರು. ಆದರೆ ಅಂಗಳದ ಅಂಚಿನಲ್ಲಿದ್ದ ಮರ ಅಲ್ಲಿಯೇ ಉಳಿಯಿತೆಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

೨. ಬೇರಿನ ಸ್ವಭಾವ

ಮರದ ಬೇರುಗಳ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಮರವು ನೆಲದ ಮೇಲೆ ಎಷ್ಟು ಎತ್ತರವೋ ನೆಲದೊಳಗೆ ಅಷ್ಟೇ ಆಳವೆಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಬೇರೆ. ಬೀಜದಿಂದ ಹುಟ್ಟಿದ ಸಸಿಗೆ ತಾಯಿಬೇರು ಇರುವುದು ನಿಜವಾದರೂ, ಬೆಳೆದ ಮರದ ಬಹುಪಾಲು ಬೇರುಗಳು ನೆಲದ ಮೇಲಣ ೬೦ರಿಂದ ೯೦ ಸೆಂಟಿಮೀಟರಿನ ಪದರದಲ್ಲಿಯೇ ಇರುತ್ತವೆ. ಅಡ್ಡಲಾಗಿ ಮಾತ್ರ ಅವು ಕೊಂಬೆಗಳ ನೆರಳನ್ನು ಮೀರಿ, ಅದರ ಎರಡು ಮೂರು ಪಾಲು ದೂರ ಹೋಗಬಲ್ಲವು. ಆದುದರಿಂದ ಮರದ ಆಕಾರಕ್ಕೆ ಸರಿಯಾದ ಹೋಲಿಕೆ ನೀರಿನಲ್ಲಿ ಪ್ರತಿಬಿಂಬಿಸಿದ ಮರವಲ್ಲ. ಅಗಲವಾದ ತಟ್ಟೆಯ ಮೇಲೆ ನಿಲ್ಲಿಸಿದ ದೀಪಸ್ತಂಭ.

ಬೇರು ಮೇಲ್ಪದರದಲ್ಲಿಯೇ ಏಕೆ ಉಳಿಯುತ್ತದೆ? ಬೇರೂ ಉಸಿರಾಡುತ್ತದೆ ಎಂಬುದೇ ಇದಕ್ಕೆ ಕಾರಣ. ಎಲೆಗಳು ತಯಾರಿಸಿದ ಆಹಾರವನ್ನು ಶಕ್ತಿಯಾಗಿ ಪರಿವರ್ತಿಸಿಕೊಳ್ಳಲು ಬೇರಿನ ಜೀವಕೋಶಗಳಿಗೆ ಆಮ್ಲಜನಕ ಬೇಕು. ಆ ವಾಯು ದೊರೆಯುವುದು ಮಣ್ಣಿನ ಕಣಗಳ ನಡುವಣ ರಂಧ್ರಗಳಲ್ಲಿ. ಆಳಕ್ಕೆ ಹೋದಂತೆ ವಾಯು ಕಡಿಮೆಯಾಗುತ್ತದೆ. ಮಣ್ಣನ್ನು ಅದುಮಿ ಗಟ್ಟಿಮಾಡಿದರೆ ಮೇಲ್ಪದರದಲ್ಲಿಯೂ ಕಡಿಮೆಯಾಗುತ್ತದೆ. ವಾಯು, ನೀರು, ಮೆತ್ತನೆಯ ಮಣ್ಣು ಈ ಮೂರೂ ಕೂಡಿದ ಕಡೆಗೆ ಬೇರು ಸಾಗುತ್ತದೆ. ಅದಕ್ಕೆ ಕಣ್ಣಿಲ್ಲ, ದ್ವೇಷವೂ ಇಲ್ಲ. ಅನುಕೂಲವಿದ್ದೆಡೆ ಅದರ ಕವಲು ಹೆಚ್ಚುತ್ತದೆ, ಇಲ್ಲದೆಡೆ ಒಣಗುತ್ತದೆ. ಅಷ್ಟೇ.

೩. ಕಲ್ಲು ಏಳುವ ಬಗೆ

ಹಾದಿಯನ್ನು ಹಾಸುವಾಗ ಮಣ್ಣನ್ನು ಅಗೆದು, ಉರುಳೆ ಹಾಯಿಸಿ ಅದುಮಿ, ಮೇಲೆ ಜಲ್ಲಿಪುಡಿ ಅಥವಾ ಮರಳನ್ನು ಹರಡಿ, ಅದರ ಮೇಲೆ ಕಲ್ಲನ್ನು ಕೂಡಿಸುತ್ತಾರೆ. ಹೀಗೆ ಮಾಡಿದಾಗ ಕೆಳಗಿನ ಮಣ್ಣು ಬೇರು ಹೊಗಲಾರದಷ್ಟು ಬಿಗಿಯಾಗುತ್ತದೆ; ಮೇಲಿನ ಮರಳು ಸಡಿಲವಾಗಿ ಉಳಿಯುತ್ತದೆ. ಹಗಲು ಕಾದ ಕಲ್ಲು ರಾತ್ರಿ ತಣ್ಣಗಾದಾಗ ಅದರ ತಳಭಾಗದಲ್ಲಿ ನೆಲದ ತೇವ ಹನಿಗಟ್ಟುತ್ತದೆ. ಕಲ್ಲಿನ ಸಂದುಗಳಿಂದ ಗಾಳಿಯೂ ಸ್ವಲ್ಪ ಇಳಿಯುತ್ತದೆ. ಸುತ್ತಲಿನ ನೆಲ ಬೇಸಗೆಯಲ್ಲಿ ಒಣಗಿ ಬಿರಿದಿರುವಾಗ ಕಲ್ಲಿನ ಕೆಳಗಿನ ಈ ಬೆರಳಗಲದ ಜಾಗ ಮಾತ್ರ ತಂಪಾಗಿ, ಮೆತ್ತಗೆ ಇರುತ್ತದೆ. ದಾರದಷ್ಟು ಸಣ್ಣ ಬೇರೊಂದು ಅಲ್ಲಿಗೆ ಬಂದು ಸೇರುತ್ತದೆ. ಹಾದಿಯನ್ನು ಕೆಡಿಸುವ ಬೇರಿಗೆ ದಾರಿಮಾಡಿಕೊಟ್ಟದ್ದು ಹಾದಿಯೇ ಎಂದರೆ ಅತಿಶಯೋಕ್ತಿಯಾಗದು.

ಸಣ್ಣ ಬೇರು ಕಲ್ಲನ್ನು ಎತ್ತುವುದಿಲ್ಲ. ಎತ್ತುವುದು ಅದು ದಪ್ಪವಾಗುವಾಗ. ಮಾವು, ಹಲಸು, ಆಲ ಮೊದಲಾದ ಮರಗಳ ಬೇರು ಕಾಂಡದಂತೆಯೇ ವರ್ಷ ವರ್ಷವೂ ಸುತ್ತಳತೆಯಲ್ಲಿ ಹೆಚ್ಚುತ್ತದೆ. ವರ್ಷಕ್ಕೆ ಅರ್ಧ ಸೆಂಟಿಮೀಟರಿನಂತೆ ದಪ್ಪವಾದರೂ ಹತ್ತು ವರ್ಷಗಳಲ್ಲಿ ಐದು ಸೆಂಟಿಮೀಟರು ಆಗುತ್ತದೆ. ಕೆಳಗೆ ಅದುಮಿದ ನೆಲ ಬಗ್ಗುವುದಿಲ್ಲವಾದ್ದರಿಂದ ಆ ಐದು ಸೆಂಟಿಮೀಟರೂ ಮೇಲಕ್ಕೇ ಹೋಗಬೇಕು.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಗಮನಿಸಬಹುದು. ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು ೨೪೦೦ ಕಿಲೋಗ್ರಾಂ. ಹತ್ತು ಸೆಂಟಿಮೀಟರು ದಪ್ಪದ ಹಾಸು ಒಂದು ಚದರ ಮೀಟರಿಗೆ ೨೪೦ ಕಿಲೋಗ್ರಾಂ ತೂಗುತ್ತದೆ; ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಅದು ಹೇರುವ ಭಾರ ೨೪ ಗ್ರಾಂ ಮಾತ್ರ. ಬೆಳೆಯುವ ಬೇರಿನ ಒತ್ತಡವನ್ನು ಅಳೆದವರು ಚದರ ಸೆಂಟಿಮೀಟರಿಗೆ ಐದರಿಂದ ಹತ್ತು ಕಿಲೋಗ್ರಾಂಗಳಷ್ಟು ಬಲವನ್ನು ಕಂಡಿದ್ದಾರೆ. ಹಾಸಿನ ಭಾರಕ್ಕಿಂತ ಇದು ಇನ್ನೂರು ಪಟ್ಟಿಗೂ ಮಿಗಿಲು. ‘ಇನ್ನಷ್ಟು ದಪ್ಪ ಕಾಂಕ್ರೀಟು ಹಾಕಿದರೆ ಬೇರು ಅಡಗುತ್ತದೆ’ ಎಂಬ ಸಲಹೆ ಎಷ್ಟು ಬಲಹೀನವಾದುದೆಂದು ಇದರಿಂದ ತಿಳಿಯುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೂ ಬೇರಿನ ಎದುರು ಅದು ಲೆಕ್ಕಕ್ಕೆ ಬಾರದು. ಒಡೆಯುವ ಕಾಲ ಒಂದೆರಡು ವರ್ಷ ಮುಂದಕ್ಕೆ ಹೋಗಬಹುದಷ್ಟೆ.

ಆದರೆ ಎಲ್ಲ ಬಿರುಕುಗಳಿಗೂ ಬೇರೇ ಕಾರಣವೆಂದು ಹೇಳಲಾಗದು. ತಳವನ್ನು ಸರಿಯಾಗಿ ಅದುಮದೆ ಹಾಕಿದ ಹಾದಿ ಮರವಿಲ್ಲದಿದ್ದರೂ ಕುಸಿಯುತ್ತದೆ. ಮಳೆನೀರು ಹಾಸಿನ ಅಡಿಯ ಮರಳನ್ನು ಕೊಚ್ಚಿಕೊಂಡು ಹೋದರೆ ಕಲ್ಲುಗಳು ತೂಗಾಡುತ್ತವೆ. ಅಮೆರಿಕದ ಸಿನ್ಸಿನಾಟಿ ನಗರದ ಕಾಲುದಾರಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಹಾದಿ ಕೆಡುವುದಕ್ಕೆ ಮರಕ್ಕಿಂತ ಹಾದಿಯ ವಯಸ್ಸು ಮತ್ತು ಅಡಿಯ ಮಣ್ಣು ಹೆಚ್ಚು ಕಾರಣವೆಂದು ತೋರಿಸಿದ್ದಾರೆ. ಎಷ್ಟೋ ಕಡೆ ಮೊದಲು ಬಿರುಕು, ಆಮೇಲೆ ಬೇರು. ಬಿರುಕಿನಿಂದ ಇಳಿದ ನೀರು ಗಾಳಿಗಳನ್ನು ಅರಸಿ ಬೇರು ಬರುತ್ತದೆ. ಕಲ್ಲನ್ನೆತ್ತಿ ನೋಡಿದವರು ಬೇರನ್ನು ಕಂಡು ಅದನ್ನೇ ಅಪರಾಧಿಯೆಂದು ನಿರ್ಣಯಿಸುತ್ತಾರೆ.

೪. ನೆಲದ ಭೇದ

ಒಂದೇ ಜಾತಿಯ ಮರ ಒಂದು ನೆಲದಲ್ಲಿ ಸಾಧುವಾಗಿದ್ದು ಇನ್ನೊಂದರಲ್ಲಿ ತೊಂದರೆ ಕೊಡುವುದುಂಟು. ಕಲ್ಯಾಣಪುರದ ಏರುನೆಲದ ಮುರಕಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ೧೮೦೦–೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಬಗೆಯ ಕಲ್ಲನ್ನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಕೆಲವು ಕಡೆ ಒಂದೆರಡು ಅಡಿಯ ಕೆಂಪು ಮಣ್ಣಿನ ಕೆಳಗೇ ಗಟ್ಟಿ ಮುರಕಲ್ಲಿನ ಹಾಸು ಸಿಗುತ್ತದೆ. ಅಲ್ಲಿ ಬೇರು ಆಳಕ್ಕೆ ಇಳಿಯಲಾರದೆ ಕಲ್ಲಿನ ಬೆನ್ನ ಮೇಲೆ ಅಡ್ಡಡ್ಡಲಾಗಿ ಓಡುತ್ತದೆ. ಕೆಳಗೆ ಮುರಕಲ್ಲು, ಮೇಲೆ ಕಾಂಕ್ರೀಟು, ನಡುವೆ ಒಂದಡಿ ಮಣ್ಣು. ಅಂತಹ ಅಂಗಳದಲ್ಲಿ ಹಾದಿ ಬೇಗ ಏಳುವುದು ಸಹಜ.

ಬಯಲುಸೀಮೆಯ ಎರೆಮಣ್ಣಿನಲ್ಲಿ ಇದರ ಬಗೆಯೇ ಬೇರೆ. ಧಾರವಾಡ, ಗದಗ, ವಿಜಯಪುರ ಸೀಮೆಯ ಕರಿಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಅಲ್ಲಿ ಮರದ ಬೇರು ನೆಲದ ತೇವವನ್ನು ಹೀರಿದಾಗ ಮಣ್ಣು ಕುಗ್ಗಿ, ಹಾದಿ ಏಳುವುದರ ಬದಲು ಕುಸಿಯುತ್ತದೆ. ಗೋಡೆಯೂ ಬಿರುಕು ಬಿಡಬಹುದು. ೧೯೭೬ರ ಮಹಾ ಅನಾವೃಷ್ಟಿಯಲ್ಲಿ ಇಂಗ್ಲೆಂಡಿನ ಜೇಡಿನೆಲದ ಮನೆಗಳು ಇದೇ ಕಾರಣದಿಂದ ಬಹುಸಂಖ್ಯೆಯಲ್ಲಿ ಬಿರುಕುಬಿಟ್ಟವು; ಮರಕ್ಕೂ ಕಟ್ಟಡಕ್ಕೂ ಇರಬೇಕಾದ ಅಂತರದ ವಿಚಾರ ಅಲ್ಲಿ ಆಮೇಲೆ ಹೆಚ್ಚು ಗಂಭೀರವಾಗಿ ನಡೆಯಿತು. ಎರೆಮಣ್ಣಿನ ಊರಿನಿಂದ ಕರಾವಳಿಗೆ ಬಂದು ಮನೆ ಕಟ್ಟುವವರೂ, ಕರಾವಳಿಯಿಂದ ಅತ್ತ ಹೋಗುವವರೂ ಈ ಭೇದವನ್ನು ಮನಗಾಣಬೇಕು. ನದಿಯ ಬದಿಯ ಮರಳುಮಣ್ಣಿನಲ್ಲಿ ಈ ಎರಡು ತೊಂದರೆಗಳೂ ಕಡಿಮೆ. ಬೇರು ಆಳಕ್ಕೂ ಇಳಿಯುತ್ತದೆ.

೫. ಬೇರನ್ನು ಕಡಿದರೆ

ಕಲ್ಲೆದ್ದೊಡನೆ ಮನೆಯವರಿಗೆ ಹೊಳೆಯುವ ಉಪಾಯವೆಂದರೆ ಬೇರನ್ನು ಕಡಿಯುವುದು. ಯಂತ್ರವನ್ನು ತರಿಸಿ ಹಾದಿಯ ಅಂಚಿನುದ್ದಕ್ಕೂ ಅಗೆದು, ಅಡ್ಡ ಬಂದ ಬೇರುಗಳನ್ನೆಲ್ಲ ಹರಿದು, ಮೇಲೆ ಹೊಸ ಹಾಸು ಹಾಕಿದರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಅದರ ಫಲ ಮಾತ್ರ ಮುಂದಿನ ಮಳೆಗಾಲಗಳಲ್ಲಿ ತಿಳಿಯುತ್ತದೆ.

ಕಾಂಡದ ಸಮೀಪದ ದಪ್ಪ ಬೇರುಗಳ ಕಾರ್ಯ ನೀರೆಳೆಯುವುದಕ್ಕಿಂತ ಹೆಚ್ಚಾಗಿ ಮರವನ್ನು ಹಿಡಿದು ನಿಲ್ಲಿಸುವುದು. ಡೇರೆಯ ಹಗ್ಗಗಳಂತೆ ಅವು ಎಲ್ಲ ದಿಕ್ಕಿಗೂ ಬಿಗಿದಿರುತ್ತವೆ. ಒಂದು ಪಕ್ಕದ ಹಗ್ಗಗಳನ್ನು ಕಡಿದ ಡೇರೆ ಗಾಳಿಗೆ ಹೇಗೆ ನಿಲ್ಲಲಾರದೋ ಮರವೂ ಹಾಗೆಯೇ. ಹಾದಿ ಸಾಮಾನ್ಯವಾಗಿ ಮರದ ಒಂದು ಮಗ್ಗುಲಲ್ಲಿದ್ದು ಮನೆ ಇನ್ನೊಂದು ಮಗ್ಗುಲಲ್ಲಿರುತ್ತದೆ. ಹಾದಿಯ ಕಡೆಯ ಬೇರು ಹೋದರೆ ಮರ ಬೀಳುವುದು ಮನೆಯ ಕಡೆಗೆ. ಜೂನ್ ತಿಂಗಳಲ್ಲಿ ನೆಲ ನೀರು ಕುಡಿದು ಸಡಿಲವಾಗಿರುವಾಗಲೇ ಕರಾವಳಿಯ ಬಿರುಗಾಳಿ ಬೀಸುತ್ತದೆ. ೨೦೨೧ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕರಾವಳಿಯ ಉದ್ದಕ್ಕೂ ಮರಗಳು ಉರುಳಿದುದನ್ನು ಜನರು ಮರೆತಿಲ್ಲ. ಬುಡದ ಹಿಡಿತ ತಪ್ಪಿದರೆ ಎಂತಹ ಪುರಾತನ ವೃಕ್ಷವೂ ನಿಲ್ಲದೆಂಬುದಕ್ಕೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ನಿದರ್ಶನವಿದೆ. ಅಲ್ಲಿನ ಮೂರು ಪ್ರಸಿದ್ಧ ದೊಡ್ಡಹುಣಸೆ ಮರಗಳಲ್ಲಿ ಒಂದು ೨೦೨೩ರ ಜುಲೈ ತಿಂಗಳ ಮಳೆಯಲ್ಲಿ ಬುಡಸಹಿತ ಉರುಳಿತು. ಅದನ್ನು ಮರಳಿ ಎತ್ತಿ ನಿಲ್ಲಿಸುವ ಶ್ರಮ ನಡೆಯಿತು.

ಕಡಿದ ಬೇರಿನಿಂದ ಇನ್ನೆರಡು ಹಾನಿಗಳುಂಟು. ಗಾಯದ ಮೂಲಕ ಶಿಲೀಂಧ್ರ ಹೊಕ್ಕು ಬುಡವನ್ನು ಒಳಗಿನಿಂದ ಕೊಳೆಸಬಹುದು. ಮೇಲೆ ಎಲೆ ಹಸಿರಾಗಿರುವಾಗಲೇ ಬುಡ ಟೊಳ್ಳಾಗಿರುತ್ತದೆ. ಜೊತೆಗೆ ಹಾದಿಯ ಕೆಳಗೆ ಉಳಿದ ಬೇರಿನ ತುಂಡು ಒಂದೆರಡು ವರ್ಷಗಳಲ್ಲಿ ಕೊಳೆತು ಪೊಳ್ಳಾಗಿ, ಎದ್ದಿದ್ದ ಹಾದಿ ಅಲ್ಲಿಯೇ ಕುಸಿಯುತ್ತದೆ. ಬೇರಿಗೆ ಆಮ್ಲವನ್ನೋ ಉಪ್ಪನ್ನೋ ಸುರಿಯುವವರೂ ಇದ್ದಾರೆ. ಬಾವಿಯ ನೀರನ್ನು ಕುಡಿಯುವ ಊರಿನಲ್ಲಿ ಇದು ಮರಕ್ಕಿಂತ ಮನುಷ್ಯರಿಗೆ ಮಾಡುವ ಅಪಕಾರ.

೬. ಪರಿಹಾರದ ಮಾರ್ಗಗಳು

ಮೊದಲ ಕೆಲಸ ಅಳತೆ. ಎದೆಯ ಮಟ್ಟದಲ್ಲಿ ಕಾಂಡದ ಸುತ್ತಳತೆಯನ್ನು ಅಳೆದು ೩.೧೪ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. ಸುತ್ತಳತೆ ೧೫೭ ಸೆಂಟಿಮೀಟರು ಇದ್ದರೆ ವ್ಯಾಸ ೫೦ ಸೆಂಟಿಮೀಟರು. ವ್ಯಾಸದ ಮೂರು ಪಾಲು, ಅಂದರೆ ಒಂದೂವರೆ ಮೀಟರಿನೊಳಗಿನ ದಪ್ಪ ಬೇರನ್ನು ಮುಟ್ಟುವುದು ಅಪಾಯಕರ. ಬ್ರಿಟಿಷ್ ಕಟ್ಟಡ ನಿಯಮಾವಳಿಯು ವ್ಯಾಸದ ಹನ್ನೆರಡು ಪಾಲು ತ್ರಿಜ್ಯದ ವೃತ್ತವನ್ನು ಬೇರಿನ ರಕ್ಷಿತ ಪ್ರದೇಶವೆಂದು ಎಣಿಸುತ್ತದೆ. ಈ ಮರಕ್ಕೆ ಅದು ಆರು ಮೀಟರು. ಅಷ್ಟು ಜಾಗ ಸಣ್ಣ ಹಿತ್ತಲುಗಳಲ್ಲಿ ಸಿಗುವುದಿಲ್ಲವೆಂಬುದು ನಿಜ. ಆದರೂ ಆ ವೃತ್ತದೊಳಗೆ ಯಂತ್ರದಿಂದ ಅಗೆಯದೆ ಕೈಯ ಸಲಕರಣೆಗಳಿಂದ ಮಾತ್ರ ಕೆಲಸ ಮಾಡಬೇಕೆಂಬ ನಿಯಮವನ್ನು ಯಾರೂ ಪಾಲಿಸಬಹುದು.

ಎರಡನೆಯದು, ಹಾಸನ್ನು ಎತ್ತಿ ನೋಡುವುದು. ಇಂಟರ್‌ಲಾಕ್ ಕಲ್ಲಿನ ಗುಣವೇ ಇದು: ತೆಗೆದು ಮತ್ತೆ ಕೂಡಿಸಬಹುದು. ಬೇರು ಎರಡೂವರೆ ಸೆಂಟಿಮೀಟರಿಗಿಂತ ಸಣ್ಣದಾಗಿದ್ದು ಕಾಂಡದಿಂದ ದೂರವಿದ್ದರೆ, ಹರಿತವಾದ ಗರಗಸದಿಂದ ನಯವಾಗಿ ಕತ್ತರಿಸಬಹುದು. ಈ ಕೆಲಸವನ್ನು ಮಳೆಗಾಲದ ಹೊಸ್ತಿಲಲ್ಲಿ ಮಾಡಬಾರದು. ಮಳೆ ನಿಂತು ನೆಲದಲ್ಲಿ ತೇವವಿನ್ನೂ ಇರುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಲೇಸು. ಮುಂದಿನ ಗಾಳಿಗಾಲಕ್ಕೆ ಮುನ್ನ ಮರ ಚೇತರಿಸಿಕೊಳ್ಳಲು ಅವಕಾಶವಿರುತ್ತದೆ.

ಬೇರು ದಪ್ಪವಾಗಿದ್ದರೆ ಅದನ್ನು ತಗ್ಗಿಸುವ ಬದಲು ಹಾದಿಯನ್ನು ಎತ್ತರಿಸಬೇಕು. ಬೇರಿನ ಎರಡೂ ಬದಿಗೆ ಪುಡಿಯಿಲ್ಲದ ದೊಡ್ಡ ಜಲ್ಲಿಯನ್ನು ತುಂಬಿ, ಎರಡು ಮೂರು ಮೀಟರಿನಷ್ಟು ದೂರದಿಂದ ಮೆಲ್ಲನೆ ಏರುವ ಇಳಿಜಾರನ್ನು ಮಾಡಿ ಮೇಲೆ ಕಲ್ಲನ್ನು ಕೂಡಿಸಿದರೆ, ನಡೆಯುವವರಿಗೆ ಏರು ತಿಳಿಯುವುದೇ ಇಲ್ಲ. ದಪ್ಪ ಜಲ್ಲಿಯ ಪದರದಲ್ಲಿ ತೇವ ನಿಲ್ಲುವುದಿಲ್ಲವಾದ್ದರಿಂದ ಹೊಸ ಬೇರುಗಳು ಅಲ್ಲಿ ಸುಲಭವಾಗಿ ಸೇರುವುದೂ ಇಲ್ಲ. ಕಾರ್ಕಳದ ಕಡೆಯ ಕಗ್ಗಲ್ಲಿನ ಹಾಸುಗಲ್ಲು ದೊರೆಯುವವರು ಅದನ್ನು ಬೇರಿನ ಮೇಲೆ ಸೇತುವೆಯಂತೆ ಇಡಬಹುದು. ಗಾರೆ ಹಾಕದೆ ಕೂಡಿಸಿದ ಕಲ್ಲನ್ನು ಮತ್ತೆ ಹತ್ತು ವರ್ಷಗಳಿಗೆ ಎತ್ತಿ ಸರಿಪಡಿಸಬಹುದು.

ಅಂಗಳವನ್ನೆಲ್ಲ ಮುಚ್ಚಬೇಕಾದ ಅಗತ್ಯವೂ ಇಲ್ಲ. ವಾಹನಕ್ಕೆ ಬೇಕಾದುದು ಎರಡು ಗಾಲಿಗಳ ಪಟ್ಟಿಗಳು ಮಾತ್ರ. ತಲಾ ಎರಡಡಿ ಅಗಲದ ಎರಡು ಪಟ್ಟಿಗಳನ್ನು ಹಾಸಿ ನಡುವೆ ಹುಲ್ಲನ್ನು ಬಿಟ್ಟರೆ ಖರ್ಚೂ ಕಡಿಮೆ, ಬೇರಿಗೆ ಉಸಿರೂ ಉಂಟು. ಇನ್ನೊಂದು ಲಾಭವನ್ನು ಮರೆಯಬಾರದು. ನೂರು ಚದರ ಮೀಟರಿನ ಅಂಗಳದ ಮೇಲೆ ಕಲ್ಯಾಣಪುರದ ಮಳೆ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಲೀಟರು ನೀರನ್ನು ಸುರಿಸುತ್ತದೆ. ಮುಚ್ಚಿದ ಅಂಗಳದಿಂದ ಆ ನೀರಿನ ಹೆಚ್ಚು ಪಾಲು ರಸ್ತೆಗೆ ಹರಿಯುತ್ತದೆ. ತೆರೆದ ನೆಲದಲ್ಲಿ ಒಂದಿಷ್ಟಾದರೂ ಇಂಗಿ ಬಾವಿಗೆ ಸೇರುತ್ತದೆ. ೨೦೧೯ರ ಬೇಸಗೆಯಲ್ಲಿ ಸುವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳಕಂಡು ಉಡುಪಿ ನಗರಕ್ಕೆ ನೀರಿನ ಕೊರತೆಯಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಅದೇ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಅಂಗಳದ ಮಣ್ಣಿಗೂ ಈ ಎರಡಕ್ಕೂ ಸಂಬಂಧವಿಲ್ಲವೆನ್ನುವಂತಿಲ್ಲ.

ಕಾಂಡದ ಸುತ್ತ ಮಾತ್ರ ಕನಿಷ್ಠ ಒಂದು ಮೀಟರು ಮಣ್ಣನ್ನು ತೆರೆದಿಡಲೇಬೇಕು. ದೆಹಲಿಯಲ್ಲಿ ಮರಗಳ ಬುಡಕ್ಕೆ ತಾಗಿಸಿ ಕಾಂಕ್ರೀಟು ಹಾಕಿದುದನ್ನು ಕಂಡು, ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೩ರಲ್ಲಿ ಆದೇಶಿಸಿತು. ಹಿಂದಿನವರು ಅಶ್ವತ್ಥಕ್ಕೆ ಕಟ್ಟೆ ಕಟ್ಟಿ, ಸುತ್ತ ಪ್ರದಕ್ಷಿಣೆಗೆ ಜಾಗ ಬಿಟ್ಟು, ಮನೆಯಿಂದ ದೂರವಿರಿಸಿದುದರಲ್ಲಿ ಭಕ್ತಿಯೊಂದಿಗೆ ಈ ವಿವೇಕವೂ ಇತ್ತು. ಹಾದಿಯೇ ಬಾಗಬಹುದಾದರೆ ಅದೂ ಒಳ್ಳೆಯದೇ. ಹುಲಿಕಲ್ ಮತ್ತು ಕುದೂರುಗಳ ನಡುವೆ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಮರಗಳಿಗೆ ರಸ್ತೆಯ ವಿಸ್ತರಣೆಯಿಂದ ಆಪತ್ತು ಬಂದಾಗ, ೨೦೧೯ರಲ್ಲಿ ಸರ್ಕಾರವು ಬೇರೆ ಮಾರ್ಗವನ್ನು ಹುಡುಕಲು ಸೂಚಿಸಿತು. ರಾಜ್ಯದ ರಸ್ತೆ ಬಾಗಬಹುದಾದರೆ ಮನೆಯ ಹಾದಿ ನಾಲ್ಕು ಅಡಿ ಬಾಗುವುದು ಕಷ್ಟವಲ್ಲ.

ಆದರೂ ಉಳಿಸಲಾಗದ ಮರಗಳಿವೆ ಎಂಬುದನ್ನು ಒಪ್ಪಬೇಕು. ಬುಡ ಕೊಳೆತು ಮನೆಯ ಕಡೆಗೆ ವಾಲಿದ ಮರ, ಗೋಡೆಯಿಂದ ಒಂದು ಮೀಟರಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟಿ ಬೆಳೆದ ಗೋಳಿ, ಇವುಗಳನ್ನು ಕರುಣೆಯಿಂದ ಉಳಿಸಿದರೆ ಮನೆಯವರ ಪ್ರಾಣಕ್ಕೆ ಕುತ್ತು. ಅಂತಹ ಸಂದರ್ಭದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, ೧೯೭೬ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆದು ಮರವನ್ನು ತೆಗೆಸುವುದೇ ಉಚಿತ. ಜೀವಕ್ಕೆ ಅಥವಾ ಸ್ವತ್ತಿಗೆ ಅಪಾಯವಿರುವುದು ಅನುಮತಿ ಪಡೆಯಲು ಸಾಕಾದ ಕಾರಣವೆಂದು ಅಧಿನಿಯಮವೇ ಎಣಿಸಿದೆ. ತೆಗೆದ ಮರದ ಬದಲಿಗೆ ಸರಿಯಾದ ಸ್ಥಳದಲ್ಲಿ ಮತ್ತೊಂದನ್ನು ನೆಡುವುದು ಮನೆಯವರ ಧರ್ಮ.

೭. ನೆಡುವ ಮುನ್ನ

ಬಂದ ರೋಗವನ್ನು ವಾಸಿಮಾಡುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಆಲ, ಅಶ್ವತ್ಥ, ಅತ್ತಿ, ಮಳೆಮರ, ಗುಲ್‌ಮೊಹರ್ ಇವು ವಿಶಾಲವಾದ ಬಯಲಿಗೆ ಹೇಳಿಸಿದ ಮರಗಳು. ಹಾದಿಯಿಂದ ಹತ್ತು ಮೀಟರಿಗೂ ದೂರವಿರಬೇಕು. ಮಾವು ಹಲಸುಗಳಿಗೆ ಐದಾರು ಮೀಟರಾದರೂ ಅಂತರ ಬೇಕು. ಪುನರ್ಪುಳಿ, ಪಾರಿಜಾತ, ದಾಸವಾಳಗಳನ್ನು ಹಾದಿಯ ಹತ್ತಿರ ನೆಟ್ಟರೂ ಭಯವಿಲ್ಲ. ತೆಂಗು ಅಡಕೆಗಳದು ಬೇರೆಯೇ ಜಾತಿ. ಅವುಗಳ ಬೇರು ಬೆರಳಿನ ಗಾತ್ರಕ್ಕಿಂತ ದಪ್ಪವಾಗುವುದೇ ಇಲ್ಲ. ಮಾವಿನ ಬೇರಿನಂತೆ ವರ್ಷ ವರ್ಷವೂ ಹಿಗ್ಗುವ ಗುಣ ಅವಕ್ಕಿಲ್ಲ. ತೆಂಗಿನ ಮರದಡಿ ಹಾದಿ ಮಾಡಿದವರು ತಲೆಯ ಮೇಲೆ ಬೀಳುವ ಕಾಯಿಗೆ ಅಂಜಬೇಕೇ ಹೊರತು ಬೇರಿಗಲ್ಲ.

ಸಸಿಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಹುಕಾಲ ಉಳಿದ ಸಸಿಯ ಬೇರು ಒಳಗೇ ಸುರುಳಿ ಸುತ್ತಿರುತ್ತದೆ. ಹಾಗೆಯೇ ನೆಟ್ಟರೆ ಅದು ದೊಡ್ಡದಾದ ಮೇಲೂ ಸುರುಳಿಯಾಗಿಯೇ ಉಳಿದು ಮರಕ್ಕೆ ಹಿಡಿತವಿಲ್ಲದಂತಾಗುತ್ತದೆ. ತೊಟ್ಟೆಯನ್ನು ಪೂರ್ತಿ ತೆಗೆದು, ಸುರುಳಿಯಾದ ತುದಿಗಳನ್ನು ಕತ್ತರಿಸಿ ನೆಡಬೇಕು. ಗುಂಡಿಯನ್ನು ಅಗಲವಾಗಿ ತೋಡಿ, ಮುರಕಲ್ಲಿನ ಹಾಸು ಸಿಕ್ಕರೆ ಅದನ್ನು ಒಡೆದು, ಮಣ್ಣು ಗೊಬ್ಬರ ತುಂಬಬೇಕು. ಹಾದಿಯ ಕಡೆಗೆ ಎರಡಡಿ ಆಳದ ಗಟ್ಟಿಯಾದ ತಡೆಹಾಳೆಯನ್ನು ನಿಲುವಾಗಿ ಹೂಳಿದರೆ ಎಳೆಯ ಬೇರುಗಳು ಕೆಳಮುಖವಾಗಿ ತಿರುಗುತ್ತವೆ. ಬೇಸಗೆಯಲ್ಲಿ ದಿನಕ್ಕೊಂದು ತಂಬಿಗೆ ನೀರನ್ನು ಬುಡಕ್ಕೆ ಚೆಲ್ಲುವುದಕ್ಕಿಂತ ವಾರಕ್ಕೊಮ್ಮೆ ನಾಲ್ಕು ಕೊಡ ನೀರನ್ನು ಸಾವಕಾಶವಾಗಿ ಇಂಗಿಸುವುದು ಮೇಲು. ನೀರು ಆಳಕ್ಕಿಳಿದರೆ ಬೇರೂ ಆಳಕ್ಕಿಳಿಯುತ್ತದೆ.

೮. ಶಾಲೆಯ ಅಂಗಳ

ಮನೆಗೆ ಸಲ್ಲುವ ಮಾತು ಶಾಲೆಗೂ ಸಲ್ಲುತ್ತದೆ. ವಿದ್ಯಾಸಂಸ್ಥೆಗಳಲ್ಲಿ ಪ್ರತಿ ಸಮಾರಂಭಕ್ಕೂ ಅತಿಥಿಗಳಿಂದ ಒಂದು ಸಸಿಯನ್ನು ನೆಡಿಸುವ ಸತ್ಸಂಪ್ರದಾಯವಿದೆ. ಅಂಗಳಕ್ಕೆ ಹಾಸುಗಲ್ಲು ಹಾಕಿಸಿಕೊಡುವ ಉದಾರಿಗಳಾದ ದಾನಿಗಳೂ ಇದ್ದಾರೆ. ಇವೆರಡೂ ಪುಣ್ಯಕಾರ್ಯಗಳೇ. ಆದರೆ ಛಾಯಾಚಿತ್ರಕ್ಕೆ ಅನುಕೂಲವೆಂದು ಮೆಟ್ಟಿಲ ಪಕ್ಕದಲ್ಲಿ ನೆಟ್ಟ ಸಸಿ ಇಪ್ಪತ್ತು ವರ್ಷಗಳ ಮೇಲೆ ಹೆಮ್ಮರವಾದಾಗ, ಒಬ್ಬ ದಾನಿಯ ಕಲ್ಲನ್ನು ಉಳಿಸಲು ಇನ್ನೊಬ್ಬ ಹಿರಿಯರು ನೆಟ್ಟ ಮರವನ್ನು ಕಡಿಯಬೇಕಾದ ಧರ್ಮಸಂಕಟ ಒದಗುತ್ತದೆ. ಎಳೆಯ ಮಕ್ಕಳು ಓಡಾಡುವ ಸ್ಥಳದಲ್ಲಿ ಬೇರು ಕಡಿದ ಮರವನ್ನು ಉಳಿಸಿಕೊಳ್ಳುವುದೂ ಕ್ಷೇಮವಲ್ಲ. ಆವರಣದ ಒಂದು ನಕ್ಷೆಯನ್ನು ಬರೆದು, ಮರಗಳ ಸ್ಥಾನವನ್ನೂ ಹಾದಿಗಳ ಸ್ಥಾನವನ್ನೂ ಮೊದಲೇ ಗುರುತಿಸಿಟ್ಟರೆ ಈ ಸಂಕಟ ತಪ್ಪುತ್ತದೆ. ದಾನಿಗಳು ಹಣದೊಂದಿಗೆ ಆ ನಕ್ಷೆಯನ್ನೂ ಕೇಳಿ ನೋಡುವುದು ಹಿತ.

ಶಿಕ್ಷಕರಿಗೆ ಇದೊಂದು ಸುಲಭವಾದ ಪ್ರಾಯೋಗಿಕ ಪಾಠವಾಗಬಲ್ಲದು. ವಿದ್ಯಾರ್ಥಿಗಳು ಹಗ್ಗವೊಂದನ್ನು ಹಿಡಿದು ಆವರಣದ ಪ್ರತಿಯೊಂದು ಮರದ ಸುತ್ತಳತೆಯನ್ನು ಅಳೆಯಲಿ, ವ್ಯಾಸವನ್ನು ಗುಣಿಸಲಿ, ಅದರ ಹನ್ನೆರಡು ಪಾಲಿನ ವೃತ್ತವನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ಬರೆಯಲಿ. ಆ ವೃತ್ತದೊಳಗೆ ಎಷ್ಟು ಭಾಗ ಮಣ್ಣು, ಎಷ್ಟು ಭಾಗ ಕಲ್ಲು ಎಂಬುದನ್ನು ಪಟ್ಟಿಮಾಡಲಿ. ಗಣಿತ, ಸಸ್ಯಶಾಸ್ತ್ರ, ಭೂಗೋಳ ಮೂರೂ ಅಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಬೇರಿನ ವಿಸ್ತಾರವನ್ನು ಒಮ್ಮೆ ಸುಣ್ಣದ ಗೆರೆಯಲ್ಲಿ ಕಂಡ ಮಗು, ಮುಂದೆ ತನ್ನ ಮನೆಯ ಮುಂದೆ ಹಾದಿ ಹಾಸಿಸುವಾಗ ಆ ಗೆರೆಯನ್ನು ನೆನೆದೀತು.